ಮುಂದೆ ಬೆನ್ನಿಲ್ಲದ ಇಳಿಜಾರು

"ಅಮ್ಮಾ, ಗ್ರೂಪಾ, ಪ್ರೈವೇಟಾ? ಬೇಗ ಹೇಳು, ಸ್ಲಾಟ್ ಹೋಗ್ಬಿಡುತ್ತೆ."

ಮಗಳು ಫೋನನ್ನು ನನ್ನ ಮುಖದ ಮುಂದೆ ಹಿಡಿದಿದ್ದಳು. ಜಪಾನಿನ ಕಾಶಿವಾ ಊರಿನ ನಮ್ಮ ಮನೆಯ ಅಡುಗೆಕಟ್ಟೆಯ ಮುಂದೆ ನಿಂತು ನಾನು ಹುಣಸೆಹಣ್ಣು ಕಿವುಚುತ್ತಿದ್ದೆ. ಪರದೆಯ ಮೇಲೆ ಎರಡು ಚೌಕಗಳಿದ್ದವು. ಒಂದು ಗುಂಪಿನ ಸ್ಕೀ ತರಗತಿ: ಎಂಟು ಜನರವರೆಗೆ, ಪಾಠ ಜಪಾನಿಯಲ್ಲಿ. ಇನ್ನೊಂದು ಒಬ್ಬರಿಗೇ ಪಾಠ: ಒಬ್ಬ ಶಿಕ್ಷಕರು, ಒಬ್ಬ ವಿದ್ಯಾರ್ಥಿ, ಬೇಕಾದರೆ ಇಂಗ್ಲಿಷಿನಲ್ಲಿ. ಕೆಳಗೆ 'ನಿಮ್ಮ ಮಟ್ಟ' ಎಂಬ ಪ್ರಶ್ನೆ. ಅದಕ್ಕೆ ಅವಳು ಆಗಲೇ 'ಮಧ್ಯಮ' ಎಂದು ಒತ್ತಿದ್ದಳು.

"ಮಧ್ಯಮ ಅಂತ ಯಾಕೆ ಹಾಕಿದೆ?"

"ಮತ್ತೇನ್ ಹಾಕ್ಲಿ? ನೀನು ಬಿಗಿನರ್ ಅಲ್ಲ. ಎರಡೂ ಸ್ಕೀ ಪ್ಯಾರಲಲ್ ಇಟ್ಕೊಂಡು ಟರ್ನ್ ಮಾಡ್ತೀಯ. ಸ್ಕೀ ಬಾಡಿಗೆ ಫಾರ್ಮಲ್ಲಿ ಅಪ್ಪ ನಿಂಗೆ ಯಾವಾಗ್ಲೂ ಇದೇ ಹಾಕ್ತಿದ್ರು."

ಅಪ್ಪ ಎಂಬ ಮಾತು ಬಂತು. ನಲ್ಲಿ ಬಿಟ್ಟು ಕೈ ತೊಳೆಯತೊಡಗಿದೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ನನ್ನ ಗಂಡ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಕಾಶಿವಾದ ಸಂಶೋಧನಾ ಕೇಂದ್ರದಲ್ಲಿ ಅವರ ಕೆಲಸ. ಒಂದು ಜೂನ್ ಬೆಳಗ್ಗೆ ಡಬ್ಬಿ ತೆಗೆದುಕೊಂಡು ಸೈಕಲ್ಲಿನಲ್ಲಿ ಹೋದವರು ಪ್ರಯೋಗಾಲಯದಲ್ಲಿ ಎದೆ ಹಿಡಿದುಕೊಂಡು ಕುಸಿದರಂತೆ. ಡಬ್ಬಿ ಮಾತ್ರ ಹಾಗೇ ವಾಪಸ್ ಬಂತು. ಅದನ್ನು ತೆರೆದು ತೊಳೆದವಳು ನಾನೇ. ಆಮೇಲೆ ಊರಿಗೆ ಬಂದುಬಿಡು ಎಂದವರು ಬಹಳ. ಮಗಳ ಶಾಲೆ, ಅವಳ ಗೆಳತಿಯರು, ಅವಳ ಭಾಷೆ ಎಲ್ಲವೂ ಇಲ್ಲಿತ್ತು. ನಾನು ಒಂದು ಶಿಶುವಿಹಾರದ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿಕೊಂಡೆ.

ಹಿಮಕ್ಕೂ ನಮಗೂ ಏನು ಸಂಬಂಧ ಎಂದು ಓದುವವರಿಗೆ ಅನ್ನಿಸಬಹುದು. ನಾನು ಚಿತ್ರದುರ್ಗದ ಕಡೆಯವಳು. ಪಿಯುಸಿ ಮುಗಿಸಿ ಮದುವೆಯಾಗಿ ಬರುವವರೆಗೆ ಫ್ರಿಜ್ಜಿನೊಳಗೆ ಕಟ್ಟುವ ಮಂಜುಗಡ್ಡೆ ಬಿಟ್ಟು ಬೇರೆ ಹಿಮ ಕಂಡವಳಲ್ಲ. ನನ್ನವರನ್ನು ಮೊದಲು ಬೆಟ್ಟಕ್ಕೆ ಎಳೆದುಕೊಂಡು ಹೋದವರು ಅವರ ಜೊತೆ ಕೆಲಸ ಮಾಡುತ್ತಿದ್ದವರು. ಮೂರೇ ಚಳಿಗಾಲದಲ್ಲಿ ಅವರು ಸ್ಕೀಯ ಹುಚ್ಚು ಹಿಡಿಸಿಕೊಂಡರು, ನಮಗೂ ಹಿಡಿಸಿದರು. ನಾನು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ಅವರೇ ಕಲಿಸಿದರು. ಅವರ ಕಲಿಸುವ ರೀತಿ ಒಂದೇ: ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಮುಂದೆ ಹೋಗುವುದು. "ನನ್ನ ಬೆನ್ನು ನೋಡ್ಕೊಂಡು ಬಾ. ಬೇರೆ ಎಲ್ಲೂ ನೋಡ್ಬೇಡ," ಎನ್ನುತ್ತಿದ್ದರು. ನಾನು ಹಾಗೇ ಮಾಡುತ್ತಿದ್ದೆ. ಆ ಕಿತ್ತಳೆ ಎಡಕ್ಕೆ ಹೊರಳಿದರೆ ನಾನೂ ಎಡಕ್ಕೆ, ಬಲಕ್ಕೆ ಹೊರಳಿದರೆ ನಾನೂ ಬಲಕ್ಕೆ.

ನಾಗಾನೋ ಪ್ರಾಂತ್ಯದ ಒಂದು ಬೆಟ್ಟಕ್ಕೆ ಪ್ರತಿ ಚಳಿಗಾಲವೂ ಹೋಗುತ್ತಿದ್ದೆವು. ಕೊನೆಯ ಸಲ ಹೋದಾಗ ಮೂವರೂ ತಂತಿಗೆ ನೇತುಕೊಂಡು ಮೇಲೇರುವ ಗೊಂಡೋಲಾದ ಬಾಗಿಲವರೆಗೆ ಹೋಗಿದ್ದೆವು. ಅದು ಬೆಟ್ಟದ ತುದಿಯವರೆಗೆ ಹೋಗುತ್ತದೆ. ಅಲ್ಲಿಂದ ಕೆಳಗಿನವರೆಗೆ ಒಂದೇ ಉದ್ದನೆಯ ಇಳಿಜಾರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. "ನಂಗೆ ಅರ್ಧಕ್ಕೆ ಹೋಗೋ ಕುರ್ಚಿ ಲಿಫ್ಟೇ ಸಾಕು ರೀ. ನೀವಿಬ್ರೂ ಹೋಗಿ ಬನ್ನಿ."

ಅವರು ಹೋಗಲಿಲ್ಲ. "ಸರಿ, ಮುಂದಿನ ವರ್ಷ. ಮೂರು ಜನಾನೂ ಮೇಲಿಂದ," ಎಂದು ಮಗಳ ಕೈಮೇಲೆ ಕೈ ಇಟ್ಟು ಆಣೆ ಹಾಕಿಸಿಕೊಂಡರು.

ಈ ವರ್ಷ ಮಗಳು ಹದಿಮೂರು ತುಂಬಿದವಳು, ನನಗಿಂತ ಚೆನ್ನಾಗಿ ಜಾರುತ್ತಾಳೆ. ಒಬ್ಬಳೇ ತುದಿಯಿಂದ ಬರಬಲ್ಲಳು. ಆದರೆ ಅವಳು ಹೇಳಿದ್ದು ಇಷ್ಟೇ: "ಮೂರು ಆಗ್ಲಿಲ್ಲ. ಎರಡಾದ್ರೂ ಆಗ್ಬೇಕು. ನೀನು ಬರ್ದಿದ್ರೆ ನಾನು ಮತ್ತೆ ಯಾವತ್ತೂ ಸ್ಕೀ ಮುಟ್ಟಲ್ಲ." ಹಟದಲ್ಲಿ ಅಪ್ಪನ ಮಗಳು. ಹಾಗಾಗಿ ಅವಳ ಚಳಿಗಾಲದ ರಜೆಯಲ್ಲಿ ಮೂರು ದಿನ ಎತ್ತಿಟ್ಟೆವು. ಎರಡು ದಿನ ನಾನು ಪಾಠ ಹೇಳಿಸಿಕೊಳ್ಳುವುದು, ಮೂರನೆಯ ದಿನ ಇಬ್ಬರೂ ತುದಿಗೆ.

"ಮೊದಲ್ನೇ ದಿನ ಪ್ರೈವೇಟ್ ಹಾಕು," ಎಂದೆ ಕೊನೆಗೆ. "ಎರಡನೇದು ಆಮೇಲೆ ನೋಡೋಣ."

ಒಬ್ಬರೇ ನೋಡಿದರೆ ಸಾಕು ಎಂಬುದು ನನ್ನ ಮನಸ್ಸಿನಲ್ಲಿದ್ದ ಕಾರಣ. ಗಂಡ ಸತ್ತವಳನ್ನು ಜನ ನೋಡುವ ನೋಟ ನನಗೆ ಸಾಕಾಗಿಹೋಗಿತ್ತು.

ಹೊರಡುವ ಹಿಂದಿನ ದಿನ ನಾದಿನಿಯ ಫೋನ್ ಬಂತು. "ಅತ್ತಿಗೆ, ಹಿಮದಲ್ಲಿ ಜಾರಾಡೋಕೆ ಹೊರಟಿದೀರಂತೆ? ಪಾಪು ಸ್ಟೇಟಸ್ ಹಾಕಿದ್ಲು. ಅಣ್ಣ ಹೋಗಿ ಇನ್ನೂ ಎರಡು ವರ್ಷ ತುಂಬಿಲ್ಲ. ನೋಡ್ದೋರು ಏನಂತಾರೆ?"

"ನೋಡೋರು ಇಲ್ಲಿ ಯಾರೂ ಇಲ್ಲಮ್ಮ," ಎಂದೆ. "ಇದ್ರೂ ಎಲ್ಲರೂ ಜಾರ್ತಾ ಇರ್ತಾರೆ."

ಅಷ್ಟು ದಿಟ್ಟವಾಗಿ ಮಾತಾಡಿದವಳು ಬಟ್ಟೆ ಜೋಡಿಸುವಾಗ ಮಾತ್ರ ಸೋತೆ. ಮಗಳು ಬೀರುವಿನಿಂದ ಆ ಕಿತ್ತಳೆ ಜಾಕೆಟ್ ತೆಗೆದು, "ನಾನು ಹಾಕ್ಕೊಳ್ಳಾ? ನಂದು ಟೈಟ್ ಆಗಿದೆ," ಎಂದಳು. "ಮುಟ್ಬೇಡ," ಎಂದೆ. ದನಿ ನನಗೇ ಒರಟಾಗಿ ಕೇಳಿಸಿತು. ಅವಳು ಅದನ್ನು ಮತ್ತೆ ತೂಗುಹಾಕಿದಳು. ಅವಳು ಮಲಗಲು ಹೋದ ಮೇಲೆ ಅದನ್ನು ಮಡಿಸಿ ನನ್ನ ಚೀಲದ ತಳಕ್ಕೆ ಹಾಕಿದೆ.

ಮೊದಲ ದಿನದ ಶಿಕ್ಷಕಿ ನ್ಯೂಜಿಲೆಂಡಿನ ಹುಡುಗಿ. ಮೂಗಿನ ಮೇಲೆಲ್ಲ ಕಂದುಚುಕ್ಕೆ, ನಗುಮುಖ. ನನ್ನ ಇಂಗ್ಲಿಷ್ ನಿಧಾನ, ಅವಳದು ಗಾಳಿಯ ವೇಗ. ಆದರೂ ಅರ್ಥವಾಗುವಂತೆ ಹೇಳಿದಳು. "ನನ್ನ ಹಿಂದೆ ಬನ್ನಿ" ಎಂದು ಕೆಂಪು ಜಾಕೆಟ್ಟಿನಲ್ಲಿ ಮುಂದೆ ಹೊರಟಳು. ನನ್ನ ಕಾಲುಗಳಿಗೆ ಎಲ್ಲ ನೆನಪಿತ್ತು. ಕೆಂಪು ಹೊರಳಿದಲ್ಲಿ ನಾನು ಹೊರಳಿದೆ. ಹಿಮ ಸ್ಕೀಗಳ ಕೆಳಗೆ ಸರ್ರೆಂದು ಸದ್ದು ಮಾಡಿತು. ಮೂರು ಸಲ ಒಂದೇ ಇಳಿಜಾರಿನಲ್ಲಿ ಬಂದೆವು, ಮೂರು ಸಲವೂ ಬೀಳಲಿಲ್ಲ.

"ತುಂಬಾ ಚೆನ್ನಾಗಿದೆ! ಈಗ ನೀವು ಮುಂದೆ. ನಾನು ಹಿಂದಿನಿಂದ ನೋಡ್ತೀನಿ," ಎಂದಳು.

ಅಲ್ಲಿ ನನ್ನ ಗುಟ್ಟು ಬಯಲಾಯಿತು. ನನಗೇ ಗೊತ್ತಿರದ ಗುಟ್ಟು ಅದು. ಅದೇ ಇಳಿಜಾರು, ಅದೇ ಹಿಮ, ಆದರೆ ಮುಂದೆ ಯಾರೂ ಇಲ್ಲ. ಎಲ್ಲಿ ತಿರುಗಬೇಕು? ಈ ಉಬ್ಬಿನ ಮೇಲೋ, ಅದರಾಚೆಗೋ? ಎಷ್ಟು ದೂರ ಹೋಗಿ? ಹತ್ತು ವರ್ಷದಲ್ಲಿ ಒಂದೇ ಒಂದು ಸಲವೂ ಅದನ್ನು ನಾನು ಗೊತ್ತುಮಾಡಿರಲಿಲ್ಲ. ಮಕ್ಕಳ ಹಾಗೆ ಸ್ಕೀಗಳ ಮುಂತುದಿ ಕೂಡಿಸಿ, ಹಿಂದನ್ನು ಅಗಲಿಸಿ, ಉಜ್ಜಿಕೊಂಡು ಉಜ್ಜಿಕೊಂಡು ಇಳಿದೆ. ನನ್ನ ಪಕ್ಕದಲ್ಲೇ ಐದು ವರ್ಷದ ಮಗುವೊಂದು ಹಾಡಿಕೊಂಡು ದಾಟಿಹೋಯಿತು.

ಆ ಹುಡುಗಿ ಒಳ್ಳೆಯವಳು. ನನ್ನ ಮುಖ ನೋಡಿ ಮತ್ತೆ ತಾನೇ ಮುಂದೆ ಹೋದಳು. ನಾನು ಮತ್ತೆ ಚೆನ್ನಾಗಿ ಬಂದೆ. ಪಾಠ ಮುಗಿದಾಗ, "ಹಿಂಬಾಲಿಸುವುದರಲ್ಲಿ ನಿಮ್ಮಂಥವರನ್ನು ನೋಡಿಲ್ಲ. ನಾಳೆಯೂ ಬೆಳಗ್ಗೆ ನಾನು ಬಿಡುವಾಗಿದ್ದೇನೆ. ಬನ್ನಿ," ಎಂದಳು.

ಬರುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. "ಮಗಳನ್ನು ಕೇಳಿ ಹೇಳ್ತೀನಿ," ಎಂದು ಲಿಫ್ಟ್ ಹತ್ತಿದೆ.

ಲಿಫ್ಟಿನ ಮೇಲಿಂದ ಕೆಳಗೆ ಗುಂಪಿನ ತರಗತಿ ಕಾಣಿಸಿತು. ಅಂಗಿಯ ಮೇಲೆ ನಂಬರ್ ಬಟ್ಟೆ ಕಟ್ಟಿಕೊಂಡ ಏಳೆಂಟು ಜನ. ಮೊದಲು ಶಿಕ್ಷಕರ ಹಿಂದೆ ಸಾಲಾಗಿ ಬಂದರು. ಒಂದು ಸಲ ಬಂದಾದ ಮೇಲೆ ಸಾಲಿನ ಮೊದಲಿದ್ದವರು ಕೊನೆಗೆ ಹೋದರು, ಎರಡನೆಯವರು ಮೊದಲಿಗೆ ಬಂದರು. ಸ್ವಲ್ಪ ಹೊತ್ತಿನ ಮೇಲೆ ಶಿಕ್ಷಕರು ಕೆಳಗೆ ನಿಂತುಕೊಂಡರು. ಆಗ ಒಬ್ಬೊಬ್ಬರೇ ಕೈ ಎತ್ತಿ, ಉಳಿದವರೆಲ್ಲ ನೋಡುತ್ತಿರುವಾಗ, ತಾವೇ ಇಳಿದು ಬಂದರು. ಒಬ್ಬರು ದೊಪ್ಪೆಂದು ಬಿದ್ದರು. ಬಿದ್ದವರಿಗೂ ಚಪ್ಪಾಳೆ. ಕೈಗವಸಿನ ಚಪ್ಪಾಳೆಗೆ ಸದ್ದಿರುವುದಿಲ್ಲ, ಕಾಣುತ್ತದೆ ಅಷ್ಟೇ.

ಅಲ್ಲಿ ನನ್ನನ್ನು ಊಹಿಸಿಕೊಂಡೆ. ಎಲ್ಲರ ಕಣ್ಣೂ ಒಬ್ಬಳ ಮೇಲೆ! ಆದರೆ ಲಿಫ್ಟ್ ಮೇಲೆ ಮುಟ್ಟುವಷ್ಟರಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ನಾಡಿದ್ದು ತುದಿಯಲ್ಲಿ ಕೆಂಪು ಜಾಕೆಟ್ ಇರುವುದಿಲ್ಲ. ನಾಳೆಯೂ ಒಬ್ಬಳೇ ಪಾಠ ಹೇಳಿಸಿಕೊಂಡರೆ ಇನ್ನೊಂದು ದಿನದ ಮಟ್ಟಿಗೆ ಇನ್ನೊಬ್ಬರ ಬೆನ್ನು ಸಿಗುತ್ತದೆ, ಅಷ್ಟೇ.

"ಗ್ರೂಪ್ ಹಾಕು," ಎಂದೆ ಮೇಲೆ ಕಾಯುತ್ತಿದ್ದ ಮಗಳಿಗೆ.

"ನಿಜವಾಗ್ಲೂ? ಜಾಪನೀಸ್‌ನಲ್ಲಿ ಇರುತ್ತೆ. ಎಲ್ಲರೂ ನೋಡ್ತಾರೆ."

"ನೋಡ್ಲಿ ಬಿಡು."

ಮರುದಿನ ಬೆಳಗ್ಗೆ ಮೊದಲು ಜನರನ್ನು ವಿಂಗಡಿಸಿದರು. ಎಲ್ಲರೂ ಒಂದು ಸಣ್ಣ ಇಳಿಜಾರಿನಲ್ಲಿ ಬರಬೇಕು, ನೋಡಿ ತರಗತಿ ಹೇಳುತ್ತಾರೆ. ನನ್ನ ಮುಂದೆ ಬಂದವರು ಹಿಮದ ಮೇಲೆ ಬಿಟ್ಟ ಗೆರೆಯನ್ನೇ ಹಿಡಿದು ಬಂದು ಹೇಗೋ ಮಧ್ಯಮದಲ್ಲಿ ಉಳಿದುಕೊಂಡೆ. ನನಗೆ ಏಳನೆಯ ನಂಬರ್. ಏಳು ಜನರಲ್ಲಿ ನಾನೇ ಚಿಕ್ಕವಳು. ಉಳಿದವರೆಲ್ಲ ನಿವೃತ್ತರು, ಬೆಳ್ಳಿಗೂದಲಿನವರು. ಶಿಕ್ಷಕರಿಗೂ ಅರವತ್ತು ದಾಟಿತ್ತು. ಮೂರನೆಯ ನಂಬರಿನ ಅಜ್ಜಿ ನನ್ನ ಪಕ್ಕಕ್ಕೆ ಬಂದು ಜಪಾನಿಯಲ್ಲಿ ವಯಸ್ಸು ಕೇಳಿದರು. ನಲವತ್ತನಾಲ್ಕು ಎಂದೆ.

"ನಲವತ್ತನಾಲ್ಕೇ? ನನ್ನ ಈ ಟೋಪಿಗೇ ಅಷ್ಟು ವಯಸ್ಸಾಗಿದೆ," ಎಂದರು. "ನೀನು ನನ್ನ ಕೆಳಗಡೆ ನಿಲ್ಲಬೇಡ. ನಾನು ಬಿದ್ದರೆ ಒಬ್ಬಳೇ ಬೀಳುವುದಿಲ್ಲ."

ಸಾಲು ಹೊರಟಿತು. ಶಿಕ್ಷಕರ ಬೆನ್ನ ಹಿಂದಿನ ಜಾಗ ಸರದಿಯಂತೆ ಬದಲಾಗಬೇಕಿತ್ತು. ಆದರೆ ನನ್ನ ಸರದಿ ಬಂದಾಗಲೆಲ್ಲ ನಾನು ಪಕ್ಕಕ್ಕೆ ಸರಿದು, ಕೈ ಚಾಚಿ, "ದೋಜೋ" ಎನ್ನುತ್ತಿದ್ದೆ, ದಯವಿಟ್ಟು ನೀವು ಹೋಗಿ ಎಂದು. ದೊಡ್ಡವರನ್ನು ಹಿಂದೆ ಬಿಟ್ಟು ಮುಂದೆ ನುಗ್ಗುವ ಅಭ್ಯಾಸ ನಮ್ಮ ಮನೆಯಲ್ಲಿರಲಿಲ್ಲ. ಅಜ್ಜಿಯೂ ಬಿಡುವವರಲ್ಲ, "ದೋಜೋ, ದೋಜೋ" ಎಂದು ತಲೆಬಾಗುತ್ತಿದ್ದರು. ಇಬ್ಬರೂ ಹಿಮದ ಮೇಲೆ ಕೋಳಿಗಳ ಹಾಗೆ ತಲೆಯಾಡಿಸುತ್ತ ನಿಲ್ಲುತ್ತಿದ್ದೆವು. ಕೊನೆಗೆ ಅವರು ಹೋಗುತ್ತಿದ್ದರು, ನಾನು ಸಾಲಿನ ಬಾಲದಲ್ಲಿ ಉಳಿಯುತ್ತಿದ್ದೆ. ಒಬ್ಬೊಬ್ಬರೇ ಬರುವ ಸುತ್ತಿನಲ್ಲೂ ಹಾಗೇ. ಎಲ್ಲರಿಗೂ ದೋಜೋ ಹೇಳಿ ಕಡೆಯವಳಾಗಿ, ಮುಂದೆ ಹೋದವರ ಗೆರೆ ಅಳಿಸುವ ಮೊದಲೇ ಅದರ ಮೇಲೆ ಇಳಿದುಬಿಡುತ್ತಿದ್ದೆ. ನಾಲ್ಕು ಸಲ ಹೀಗೆ ತಪ್ಪಿಸಿಕೊಂಡೆ.

ಐದನೆಯ ಸಲ ಶಿಕ್ಷಕರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು.

"ಏಳನೇ ನಂಬರಿನವರೇ, ಬೆಳಗ್ಗಿನಿಂದ ನಿಮ್ಮನ್ನು ನಾನು ನೋಡಿಯೇ ಇಲ್ಲ. ಮರ್ಯಾದೆಯ ಹಿಂದೆ ಬಚ್ಚಿಟ್ಟುಕೊಳ್ಳುವುದು ನಮ್ಮ ಜಪಾನಿಯರ ವಿದ್ಯೆ. ಇಲ್ಲಿಗೆ ಬಂದು ಕಲಿತಿರಾ?"

"ಇಲ್ಲ ಸೆನ್ಸೇ, ಊರಿನಿಂದಲೇ ತಂದದ್ದು," ಎಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. ಸೆನ್ಸೇ ಎಂದರೆ ಮೇಷ್ಟ್ರು. ಆ ಮೇಷ್ಟ್ರೂ ನಕ್ಕರು, ಆದರೆ ಬಿಡಲಿಲ್ಲ. "ಊಟದ ನಂತರ ನೀವು ಮುಂದೆ. ನಾನೂ ಸೇರಿ ಏಳು ಜನ ನಿಮ್ಮ ಹಿಂದೆ. ನೀವು ತಿರುಗಿದಲ್ಲಿ ತಿರುಗುತ್ತೇವೆ, ನಿಂತಲ್ಲಿ ನಿಲ್ಲುತ್ತೇವೆ. ಮರದೊಳಗೆ ಹೋದರೆ ಮರದೊಳಗೆ ಬರುತ್ತೇವೆ."

ಊಟಕ್ಕೆ ಕೂತೆವು. ಬೆಳಗ್ಗೆ ತಂಗಿದ್ದ ಕೋಣೆಯಲ್ಲೇ ಚಿತ್ರಾನ್ನ ಕಲಸಿ, ಇಲ್ಲಿಯವರ ಒನಿಗಿರಿಯ ಹಾಗೆ ಮೂರು ಮೂಲೆಯ ಉಂಡೆ ಕಟ್ಟಿ ತಂದಿದ್ದೆ. ಅಜ್ಜಿಗೆ ಒಂದು ಕೊಟ್ಟೆ. ಕಡಿದು, ಕಡಲೆಬೇಳೆ ಕಟಕಟ ಅಗಿದು, "ಇದರಲ್ಲಿ ಕಲ್ಲಿದೆ, ಆದರೆ ರುಚಿಯಾದ ಕಲ್ಲು," ಎಂದು ಇನ್ನೊಂದು ಕೇಳಿದರು. ಆಮೇಲೆ ದನಿ ತಗ್ಗಿಸಿ, "ಹೆದರಿಕೆಯಾ?" ಎಂದರು.

ಏನು ಹೇಳುವುದು? ನನ್ನದು ಅಡುಗೆಮನೆಯಲ್ಲಿ ಕಲಿತ ಜಪಾನಿ. ಸೌಟು, ಒಲೆ, ಅನ್ನ ಬೆಂದಿದೆ, ಮಕ್ಕಳು ತಿಂದರು, ಇಷ್ಟೇ ಅದರ ಅಗಲ. "ಯಾವಾಗಲೂ ಗಂಡ ಮುಂದೆ ಇದ್ದರು. ಈಗ ಇಲ್ಲ," ಎಂದೆ. ಅಷ್ಟನ್ನು ಹೇಳಲು ನನ್ನ ಭಾಷೆ ಸಾಕಾಯಿತು.

ಅವರು ಅಯ್ಯೋ ಎನ್ನಲಿಲ್ಲ, ಕೈ ಹಿಡಿಯಲಿಲ್ಲ. "ನನ್ನವರು ಹೋಗಿ ಹನ್ನೊಂದು ವರ್ಷ," ಎಂದರು. "ಅವರು ಬಹಳ ವೇಗ. ನನ್ನನ್ನು ಕಾಯುತ್ತಲೇ ಇರಲಿಲ್ಲ. ನಿನ್ನವರು ಕಾಯುತ್ತಿದ್ದರಾ?"

"ಕಾಯುತ್ತಿದ್ದರು."

"ಹಾಗಾದರೆ ನೀನೂ ನನ್ನನ್ನು ಕಾಯಿ. ನನ್ನ ಎಡ ಮಂಡಿ ಸರಿಯಿಲ್ಲ," ಎಂದು ಎದ್ದರು.

ಊಟದ ನಂತರ ಇಳಿಜಾರಿನ ನೆತ್ತಿಯಲ್ಲಿ ನಿಂತೆ. ಹಿಂದೆ ಏಳು ಜನರ ಸ್ಕೀಗಳು ಕಿರಗುಟ್ಟಿ ಸಾಲಾದದ್ದು ಕೇಳಿಸಿತು. ಮುಂದೆ ಬಿಳಿ ಬಿಟ್ಟು ಏನೂ ಇಲ್ಲ. ಅಜ್ಜಿಯ ಎಡ ಮಂಡಿಯ ನೆನಪಾಯಿತು. ಎಡಗಾಲಿಗೆ ಭಾರ ಬೀಳುವ ತಿರುವನ್ನು ಎಲ್ಲಿ ಮಾಡಲಿ? ಮಟ್ಟವಾಗಿರುವಲ್ಲಿ ಮಾಡಬೇಕು. ಬಲಬದಿಯಲ್ಲಿ ಹಿಮ ಹೊಳೆಯುತ್ತಿದೆ, ಅಲ್ಲಿ ಗಟ್ಟಿಯಾಗಿರಬೇಕು, ಬೇಡ. ಆ ಉಬ್ಬಿನ ಈಚೆಗೆ ತಿರುಗಿದರೆ ಎಲ್ಲರಿಗೂ ಸುಲಭ. ಹಾಗೆ ನೋಡನೋಡುತ್ತಲೇ ಇಳಿಜಾರಿನ ಮೇಲೆ ದಾರಿ ಮೂಡಿತು. ಹೊರಟೆ.

ಮೊದಲ ತಿರುವಿನಲ್ಲಿ ಮೈ ಹಿಂದಕ್ಕೆ ವಾಲಿತು. ಆಗ ಎಲ್ಲಿಂದಲೋ ನೀರು ಹೊರುವುದು ನೆನಪಿಗೆ ಬಂತು. ನಮ್ಮೂರಲ್ಲಿ ಬೋರಿನಿಂದ ಕೊಡ ಸೊಂಟದ ಮೇಲಿಟ್ಟು ತರುತ್ತಿದ್ದೆ. ಸೊಂಟ ಕೊಡದ ಕಡೆಗೆ, ಭುಜ ಅದರ ಆಚೆ ಕಡೆಗೆ, ನೀರು ತುಳುಕಬಾರದು. ಬೆಟ್ಟದ ಕಡೆಯ ಸೊಂಟದ ಮೇಲೆ ಕೊಡ ಇದೆ ಎಂದುಕೊಂಡೆ. ಮೈ ತಾನಾಗಿ ಸರಿಯಾಯಿತು. ತಿರುವು ಬಂದಾಗ ಕೊಡವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದೆ. ಇದನ್ನು ನನಗೆ ನನ್ನವರು ಕಲಿಸಿದ್ದಲ್ಲ, ಆ ಹುಡುಗಿ ಕಲಿಸಿದ್ದಲ್ಲ. ನನ್ನದೇ ಮೈಯಲ್ಲಿ ಮೂವತ್ತು ವರ್ಷದಿಂದ ಇದ್ದದ್ದು.

ಅರ್ಧ ದಾರಿಯಲ್ಲಿ ಹಿಂದಿರುಗಿ ನೋಡಿದೆ. ಏಳು ಜನ ನನ್ನ ಗೆರೆಯ ಮೇಲೆ ಒಬ್ಬರ ಹಿಂದೆ ಒಬ್ಬರು ಹೊರಳುತ್ತಿದ್ದರು. ಅಜ್ಜಿ ಎರಡನೆಯವರು, ನಾಲಿಗೆ ಕಚ್ಚಿಕೊಂಡು ಬರುತ್ತಿದ್ದರು. ಆಗ ನನಗೆ ತಿಳಿದದ್ದನ್ನು ಇಲ್ಲಿ ಬರೆಯದೆ ಇರಲಾರೆ. ಅಷ್ಟು ವರ್ಷ ನನ್ನವರು ಸುಮ್ಮನೆ ಮುಂದೆ ಹೋಗುತ್ತಿದ್ದರು ಎಂದುಕೊಂಡಿದ್ದೆ. ಗಟ್ಟಿ ಹಿಮ ಬಿಟ್ಟು, ಮೆತ್ತನೆಯ ಕಡೆ ಆರಿಸಿ, ಪ್ರತಿ ಮೂರು ತಿರುವಿಗೊಮ್ಮೆ ಕತ್ತು ಹೊರಳಿಸಿ, ನನ್ನ ಹೆದರಿಕೆಯ ಅಳತೆಗೆ ತಕ್ಕಂತೆ ಇಡೀ ಬೆಟ್ಟವನ್ನು ಹೊಲಿದು ಕೊಟ್ಟಿದ್ದರು. ಬೆನ್ನು ಮಾತ್ರ ನೋಡಿದವಳಿಗೆ ಅದು ಕಂಡಿರಲಿಲ್ಲ.

ಕೆಳಗೆ ತಲುಪಿದಾಗ ಏಳು ಜೊತೆ ಕೈಗವಸುಗಳು ಬಡಿದುಕೊಂಡವು. ನಾನು ಅಳುತ್ತಿದ್ದೆ, ಹಿಮದ ಕಪ್ಪು ಕನ್ನಡಕದೊಳಗೆ ಯಾರಿಗೂ ಕಾಣುವಂತಿರಲಿಲ್ಲ. ನಗುತ್ತಲೂ ಇದ್ದೆ, ಅದು ಎಲ್ಲರಿಗೂ ಕಂಡಿತು.

"ನಿನ್ನ ಹಿಂದೆ ಬರುವುದು ಸುಲಭ," ಎಂದರು ಅಜ್ಜಿ. "ಏನು ಮಾಡ್ತಿದ್ದೆ ಸೊಂಟದಲ್ಲಿ?"

ಕೊಡದ ವಿಷಯ ಕೈಸನ್ನೆ ಮಾಡಿ ಹೇಳಿದೆ. ಅದಾದ ಮೇಲೆ ಸಂಜೆಯವರೆಗೆ ಆ ತರಗತಿಯಲ್ಲಿ ಎಲ್ಲರ ಸೊಂಟದ ಮೇಲೂ ಚಿತ್ರದುರ್ಗದ ಕೊಡವಿತ್ತು. ಮೇಷ್ಟ್ರು, "ನೀರು ಚೆಲ್ಲಬೇಡಿ, ನೀರು!" ಎಂದು ಕೂಗುತ್ತಿದ್ದರು. ಕೊನೆಯಲ್ಲಿ ಎಲ್ಲರೂ ಸಾಲಾಗಿ ನಿಂತು ಒಟ್ಟಿಗೆ ತಲೆಬಾಗಿದೆವು. ಅಂದು ಯಾರ ಹೆಸರನ್ನೂ ಯಾರೂ ಕೇಳಲಿಲ್ಲ. "ಏಳನೇ ನಂಬರೇ, ನಾಳೆ ತುದಿಗೆ ಅಂದೆಯಲ್ಲ? ಗಾಳಿ ಬೆಳಗ್ಗೆ ಕಡಿಮೆ," ಎಂದು ಮೂರನೆಯ ನಂಬರ್ ಹೇಳಿ ಹೋದರು.

ಮೂರನೆಯ ಬೆಳಗ್ಗೆ ಚೀಲದ ತಳದಿಂದ ಕಿತ್ತಳೆ ಜಾಕೆಟ್ ತೆಗೆದು ಮಗಳ ಮುಂದೆ ಹಿಡಿದೆ. ಅವಳು ಜಾಕೆಟ್ ನೋಡಿದಳು, ನನ್ನನ್ನು ನೋಡಿದಳು.

"ಮುಟ್ಬೇಡ ಅಂದಿದ್ಯಲ್ಲ."

"ಈಗ ಹಾಕ್ಕೋ ಅಂತಿದೀನಿ. ಆದ್ರೆ ಒಂದು ಮಾತು. ನನ್ನ ಮುಂದೆ ಹೋಗ್ಬಾರ್ದು. ಹಿಂದೆ ಬಾ."

ತೋಳು ಉದ್ದವಾಯಿತು. ಎರಡು ಮಡಿಕೆ ಹಾಕಿ ಕೊಟ್ಟೆ. ಜೇಬಿನಲ್ಲಿ ಹಳೆಯ ಶುಂಠಿ ಪೆಪ್ಪರಮೆಂಟೊಂದು ಸಿಕ್ಕಿತು. ಅವಳು ಅದನ್ನು ಎರಡು ಚೂರು ಮಾಡಿ ಒಂದನ್ನು ನನ್ನ ಬಾಯಿಗೆ ಹಾಕಿದಳು.

ಗೊಂಡೋಲಾದ ಬಾಗಿಲಲ್ಲಿ ಈ ಸಲ ನಾನು ನಿಲ್ಲಲಿಲ್ಲ. ತುದಿಯಲ್ಲಿ ಮರಗಳಿಗೆಲ್ಲ ಹಿಮ ಮೆತ್ತಿತ್ತು, ಆಕಾಶ ತೊಳೆದಂತಿತ್ತು. ಅಷ್ಟು ಕೆಳಗೆ ಊರು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಕೊಡ ಸೊಂಟಕ್ಕಿಟ್ಟುಕೊಂಡೆ, ಹೊರಟೆ.

ಮೊದಲ ಕಡಿದಾದ ಜಾಗ ದಾಟಿದೆ. ಕಾಡಿನ ಪಕ್ಕದ ಅಗಲವಾದ ತಿರುವು ದಾಟಿದೆ. ಮಧ್ಯದ ನಿಲ್ದಾಣಕ್ಕಿಂತ ಮೇಲೆ ಒಂದು ಕಡೆ ಉಬ್ಬನ್ನು ತಪ್ಪಾಗಿ ಅಳೆದು, ಪಕ್ಕಕ್ಕೆ ಉರುಳಿ, ಹತ್ತು ಮಾರು ಬೆನ್ನ ಮೇಲೇ ಜಾರಿದೆ. ಮಗಳು ಮೇಲಿನಿಂದ, "ಯಬಾಯ್! ಅಯ್ಯಯ್ಯೋ ಅಮ್ಮಾ, ನೀರೆಲ್ಲ ಚೆಲ್ಲಿತು!" ಎಂದು ಕಿರುಚಿ ನಕ್ಕಳು. ಹಿಂದಿನ ದಿನದ ಕಥೆಯೆಲ್ಲ ಅವಳಿಗೆ ಹೇಳಿದ್ದೆ. ಕೂತಲ್ಲಿಯೇ ನಾನೂ ನಕ್ಕೆ. ಎದ್ದು, ಹಿಮ ಕೊಡವಿಕೊಂಡು, ಮತ್ತೆ ನಾನೇ ಮುಂದೆ ಹೊರಟೆ.

ಕೊನೆಯ ಇಳಿಜಾರು ನೇರ, ಮೆತ್ತಗಿತ್ತು. ಅಲ್ಲಿ ಒಮ್ಮೆ ಕತ್ತು ಹೊರಳಿಸಿದೆ. ಹತ್ತು ವರ್ಷ ನನ್ನ ಮುಂದಿದ್ದ ಕಿತ್ತಳೆ ಬಣ್ಣ ಈಗ ನನ್ನ ಹಿಂದೆ, ನಾನು ಎಳೆದ ಗೆರೆಯ ಮೇಲೆಯೇ ಎಡಕ್ಕೆ ಹೊರಳುತ್ತಿತ್ತು, ಬಲಕ್ಕೆ ಹೊರಳುತ್ತಿತ್ತು. ಅವಳಿಗೆ ನನ್ನ ಗೆರೆ ಬೇಕಿರಲಿಲ್ಲ. ಆದರೂ ಒಂದಿಷ್ಟೂ ತಪ್ಪದೆ ಬರುತ್ತಿದ್ದಳು.

ಕೆಳಗೆ ಮುಟ್ಟಿ ಹಿಂದೆ ತಿರುಗಿ ಇಡೀ ಬೆಟ್ಟವನ್ನು ನೋಡಿದೆ. ಅಲ್ಲಿಂದ ಇಲ್ಲಿಯವರೆಗೆ! ಬಾಯಿಂದ ತಾನಾಗಿ ಒಂದು ಕೂಗು ಹೊರಟಿತು. ನಮ್ಮೂರಲ್ಲಾಗಿದ್ದರೆ ಹೆಂಗಸರು ಹಾಗೆ ಕೂಗಬಾರದು ಎನ್ನುತ್ತಿದ್ದರೇನೋ. ಇಲ್ಲಿ ಲಿಫ್ಟಿನ ಸಾಲಿನಲ್ಲಿದ್ದ ಮುದುಕರಿಬ್ಬರು ಕೈಕೋಲು ಎತ್ತಿ ತೋರಿಸಿದರು.

ಮಗಳು ತೆಗೆದ ವಿಡಿಯೋ ಆಗಲೇ ನಾದಿನಿಗೆ ಹೋಗಿತ್ತು. ಐದು ನಿಮಿಷದಲ್ಲಿ ಅವಳ ಧ್ವನಿ ಸಂದೇಶ ಬಂತು. "ಅತ್ತಿಗೆ, ಅದು ನೀವೇನಾ? ಕೊನೇಲಿ ಪಾಪು ಫೋನ್ ತನ್ನ ಕಡೆ ತಿರುಗಿಸಿದಾಗ ಅಣ್ಣನ ಜಾಕೆಟ್ ನೋಡಿ ಎದೆ ಧಸಕ್ ಅಂತು." ಸ್ವಲ್ಪ ಹೊತ್ತು ಬರೀ ಮೂಗು ಸೀಟಿದ ಸದ್ದು. ಆಮೇಲೆ, "ಆ ಕಡೆ ಈ ಕಡೆ ಏನ್ ಚೆನ್ನಾಗ್ ತಿರುಗ್ತೀರ! ಅಲ್ಲಾ, ನನ್ನಂಥೋರಿಗೂ ಕಲಿಸ್ತಾರಾ ಅಲ್ಲಿ?"

"ಗ್ರೂಪಾ, ಪ್ರೈವೇಟಾ ಅಂತ ಕೇಳು ಅತ್ತೇನ," ಎಂದೆ ಮಗಳಿಗೆ.

ಅವಳು ಕೈಗವಸು ಕಳಚಿ ಟೈಪ್ ಮಾಡತೊಡಗಿದಳು. ಗಾಳಿ ಇನ್ನೂ ಎದ್ದಿರಲಿಲ್ಲ. ನಾನು ಆಗಲೇ ಗೊಂಡೋಲಾದ ಸಾಲಿನ ಕಡೆಗೆ ನಡೆಯುತ್ತಿದ್ದೆ.

"ಅಮ್ಮಾ, ತಾಳು! ಎಲ್ಲಿಗೆ?"

"ಮೇಲಕ್ಕೆ," ಎಂದೆ. "ಬೇಗ ಬಾ."